ಭಟ್ಕಳದ ಒಂದು ಓಣಿ, ಬೆಳಿಗ್ಗೆ

ಮುರ್ಡೇಶ್ವರ
8 ಜೂನ್ 2024

ಚಿತ್ರಕಲಾ ಶಿಕ್ಷಕರಾದ ಶ್ರೀ ದಿನಕರ ರಾಯ್ಕರ ಮಾಸ್ತರರಿಗೆ, ಮಂಗಲಾ ನಾಯ್ಕ ಮಾಡುವ ನಮಸ್ಕಾರಗಳು.

ನನ್ನ ಗುರುತು ನಿಮಗಿಲ್ಲ. ಇಲ್ಲಿನ ಒಂದು ಹೋಟೆಲಿನಲ್ಲಿ ಹದಿಮೂರು ವರ್ಷಗಳಿಂದ ಕೆಲಸಕ್ಕಿದ್ದೇನೆ. ಮೊದಲು ಕೋಣೆ ಗುಡಿಸಿ ಒರೆಸುತ್ತಿದ್ದೆ, ಈಗ ಆ ಕೆಲಸ ಮಾಡುವ ಆರು ಹೆಂಗಸರನ್ನು ನೋಡಿಕೊಳ್ಳುತ್ತೇನೆ. ಊಟದ ಹಾಲ್‌ನಲ್ಲಿರುವ ಚಿತ್ರವನ್ನು ಮಾತ್ರ ಯಾರ ಕೈಗೂ ಬಿಡುವುದಿಲ್ಲ. ಪ್ರತಿ ಶನಿವಾರ ನಾನೇ ಸ್ಟೂಲ್ ಹತ್ತಿ ಒಣ ಬಟ್ಟೆಯಿಂದ ಧೂಳು ತೆಗೆಯುತ್ತೇನೆ. ಅದು ನೀವು ಬರೆದ ಚಿತ್ರ. ಹಿಂಬದಿಯಲ್ಲಿ “ಭಟ್ಕಳದ ಒಂದು ಓಣಿ, ಬೆಳಿಗ್ಗೆ. 1996” ಎಂದು ಬರೆದು, ಕೆಳಗೆ ನಿಮ್ಮ ಹೆಸರು, ಹೊನ್ನಾವರದ ಶಾಲೆಯ ವಿಳಾಸ ಹಾಕಿದ್ದೀರಿ. ಆ ವಿಳಾಸಕ್ಕೇ ಈ ಪತ್ರ ಹಾಕುತ್ತಿದ್ದೇನೆ. ಮುಟ್ಟುವುದೋ ಇಲ್ಲವೋ ದೇವರಿಗೇ ಗೊತ್ತು.

ಸ್ಟೂಲ್ ಮೇಲೆ ನಿಂತು ನೋಡಿದರೆ ಅದರಲ್ಲಿ ಬಣ್ಣದ ಗಂಟುಗಳು ಬಿಟ್ಟರೆ ಏನೂ ಇಲ್ಲ. ಕೈ ತೊಳೆಯುವ ಜಾಗದವರೆಗೆ ಹಿಂದೆ ಸರಿದರೆ ಓಣಿ ಕಾಣುತ್ತದೆ. ಎರಡೂ ಬದಿ ಹಂಚಿನ ಮನೆಗಳು, ನಡುವೆ ಎರಡು ಸೈಕಲ್ ಹಾಯುವಷ್ಟು ದಾರಿ, ಮಳೆ ನಿಂತ ಮೇಲಿನ ಒದ್ದೆ ಕಲ್ಲು. ಅರ್ಧ ತೆರೆದ ನೀಲಿ ಬಾಗಿಲಿನಿಂದ ಒಂದು ಕೈ ಪಾತ್ರೆ ಚಾಚಿದೆ, ಮೀನಿನವಳು ಬುಟ್ಟಿ ಇಳಿಸುತ್ತಿದ್ದಾಳೆ. ಬಲಗಡೆ ಒಂದು ಮೆಟ್ಟಿಲ ಮೇಲೆ ಹಳದಿ ಸೀರೆಯ ಹೆಂಗಸು ಕೂತಿದ್ದಾಳೆ, ಅವಳ ಮಡಿಲಲ್ಲಿ ಚಿಟಿಕೆಯಷ್ಟು ಬಿಳಿ.

ನನ್ನ ಅವ್ವಿ ಬಂಗಾರಿ ಶಿರಾಲಿಯ ನಮ್ಮ ಮನೆಯಂಗಳದ ಮಲ್ಲಿಗೆಯನ್ನು ದಿನಾ ಬೆಳಿಗ್ಗೆ ಅದೇ ಹಳೆಪೇಟೆಯ ಓಣಿಗೆ ಒಯ್ದು ಮಾರುತ್ತಿದ್ದಳು. 2003ರಲ್ಲಿ ತೀರಿಕೊಂಡಳು. ಅವಳದೊಂದು ಫೋಟೋ ಇತ್ತು, ಗೆದ್ದಲು ತಿಂದಿತು. ಅಜ್ಜಿ ಹೇಗಿದ್ದಳು ಎಂದು ನನ್ನ ಮಗಳು ಅಮೂಲ್ಯಾ ಕೇಳಿದಾಗಲೆಲ್ಲ ಈ ಹಳದಿ ಸೀರೆಯನ್ನೇ ತೋರಿಸಿದ್ದೇನೆ.

ಈಗ ಹಾಲ್ ಒಡೆದು ಹೊಸದು ಕಟ್ಟುತ್ತಾರೆ. ಹಳೆಯ ಚಿತ್ರಗಳೆಲ್ಲ ಹೋಗುತ್ತವೆ. ನಮ್ಮ ಯಜಮಾನತಿ ಮಹಾಲಕ್ಷ್ಮೀ ಅಮ್ಮನವರ ಹತ್ತಿರ ಇದೊಂದನ್ನು ಕೇಳಿದೆ. ಅವರೆಂದರು, “ನಿನ್ನ ತಾಯಿ ಹೌದಾದ್ರೆ ನೀನೇ ತಕಂಡ್ ಹೋಗು. ಆದ್ರೆ ಬರೆದವರ ಹತ್ರ ಒಂದು ಮಾತು ಬರ್ಸ್ಕಂಡ್ ಬಾ. ನಮ್ಮ ಅಕ್ಷಯನೂ ಕೇಳ್ತಾ ಇದ್ದ.” ಅಕ್ಷಯ ಅಂದರೆ ಅವರ ಅಕ್ಕನ ಮಗ.

ಹೌದು ಎಂದು ನೀವು ಎರಡು ಸಾಲು ಬರೆದುಕೊಟ್ಟರೆ ಸಾಕು. ನೀವು ಅವಳನ್ನು ಎದುರಿಗೇ ಕೂತು ನೋಡಿದವರು.

ನಿಮ್ಮ
ಮಂಗಲಾ ನಾಯ್ಕ


ಧಾರವಾಡ
5 ಜುಲೈ 2024

ಶ್ರೀಮತಿ ಮಂಗಲಾ ಅವರಿಗೆ ನಮಸ್ಕಾರ.

ನಿಮ್ಮ ಪತ್ರ ನನಗೆ ಮುಟ್ಟಿದ್ದು ಮೊನ್ನೆ. ನಾನು ನಿವೃತ್ತನಾಗಿ ಇಪ್ಪತ್ತು ವರ್ಷವಾಯಿತು. ಈಗ ಧಾರವಾಡದಲ್ಲಿ ಮಗಳು ಕವಿತಾಳ ಮನೆಯಲ್ಲಿದ್ದೇನೆ. ಶಾಲೆಯ ಗುಮಾಸ್ತರು ಯಾರನ್ನೋ ಕೇಳಿ, ವಿಳಾಸ ತಿದ್ದಿ ಕಳಿಸಿದ್ದಾರೆ. ಅವರಿಗೂ ಒಂದು ಕಾರ್ಡು ಹಾಕಿದೆ.

ಆ ಚಿತ್ರ ಇನ್ನೂ ಗೋಡೆಯ ಮೇಲಿದೆ, ವಾರಕ್ಕೊಮ್ಮೆ ಯಾರೋ ಅದರ ಧೂಳು ತೆಗೆಯುತ್ತಾರೆ ಎಂದು ಓದಿ ಪತ್ರವನ್ನು ಮತ್ತೆ ಮೊದಲಿಂದ ಓದಿದೆ. ಕುಮಟೆಯಲ್ಲಿ ಒಂದೇ ಒಂದು ಪ್ರದರ್ಶನ ಮಾಡಿದ್ದೆ. ಹನ್ನೊಂದು ಚಿತ್ರಗಳಲ್ಲಿ ಮಾರಾಟವಾದದ್ದು ಅದೊಂದೇ. ಉಳಿದವನ್ನು ನೋಡಿದವರು, “ಮಾಸ್ತರ್ರೆ, ಇದು ಪೂರ್ತಿ ಆಗ್ಲಿಲ್ಲ ಅಲ್ದಾ?” ಎಂದು ಕೇಳಿದ್ದರು.

ನಿಮಗೆ ಹಿಂದೆ ಸರಿದು ನೋಡಬೇಕೆಂದು ಯಾರು ಹೇಳಿಕೊಟ್ಟರು? ಅದನ್ನು ಮಕ್ಕಳಿಗೆ ಕಲಿಸಲು ನನಗೆ ಮೂವತ್ತು ವರ್ಷ ಸಾಲಲಿಲ್ಲ. ಫ್ರಾನ್ಸ್ ದೇಶದ ಕೆಲವರು ನೂರೈವತ್ತು ವರ್ಷಗಳ ಹಿಂದೆ ಕೋಣೆ ಬಿಟ್ಟು ಬೀದಿಗೆ ಬಂದು ಹೀಗೆ ಬರೆಯತೊಡಗಿದರು. ಇಂಪ್ರೆಷನಿಸಂ ಎನ್ನುತ್ತಾರೆ. ವಸ್ತುವಿನ ಅಂಚು ತಿದ್ದುತ್ತ ಕೂರಬಾರದು, ಆ ಗಳಿಗೆಯಲ್ಲಿ ಅದರ ಮೇಲೆ ಬಿದ್ದ ಬೆಳಕನ್ನು ಹಿಡಿಯಬೇಕು. ಮುಖ, ಬೆರಳು ಬಿಡಿಸುವಷ್ಟು ಹೊತ್ತು ಬೆಳಕು ನಮಗಾಗಿ ಕಾಯುವುದಿಲ್ಲ. ಪುಸ್ತಕದಲ್ಲಿ ಆ ಚಿತ್ರಗಳನ್ನು ನೋಡಿ ಹುಚ್ಚು ಹಿಡಿದು, ಒಂದು ಭಾನುವಾರ ಹೊನ್ನಾವರದಿಂದ ಮೊದಲ ಬಸ್ಸಿಗೆ ಭಟ್ಕಳಕ್ಕೆ ಹೋದೆ. ಮಳೆಗಾಲ ಮುಗಿಯುತ್ತ ಬಂದಿತ್ತು. ಮಧ್ಯಾಹ್ನದವರೆಗೆ ಬರೆದೆ.

ಹೌದು ತಂಗಿ, ಹಳದಿ ಸೀರೆಯವರು ನಿಮ್ಮ ತಾಯಿಯೇ. ನನಗೆ ಚೆನ್ನಾಗಿ ನೆನಪಿದೆ. ಬಾಳೆನಾರಿನಲ್ಲಿ ಹೂ ಕಟ್ಟುತ್ತ, ಸಣ್ಣ ದನಿಯಲ್ಲಿ ಹಾಡು ಹೇಳುತ್ತಿದ್ದರು. ನಿಮ್ಮ ಕಡೆಯ ಹೆಂಗಸರ ಹಾಡು, ಒಂದು ಸಾಲನ್ನು ಎಳೆದೆಳೆದು ಹೇಳುವಂಥದ್ದು. ಅದನ್ನು ಕೇಳುತ್ತಲೇ ನಾನು ಚಿತ್ರ ಮುಗಿಸಿದೆ.

ನಿಮ್ಮ ಯಜಮಾನತಿಗೆ ಕೊಡಲು ಬೇರೆ ಹಾಳೆಯಲ್ಲಿ ಬರೆದು ಸಹಿ ಮಾಡಿ ಇದರ ಜೊತೆ ಇಟ್ಟಿದ್ದೇನೆ. ಚಿತ್ರ ನಿಮಗೇ ಸಿಗಲಿ.

ನಿಮ್ಮ ಹಿತೈಷಿ
ದಿನಕರ ರಾಯ್ಕರ


ಮುರ್ಡೇಶ್ವರ
15 ಜುಲೈ 2024

ಮಾಸ್ತರರಿಗೆ ನಮಸ್ಕಾರಗಳು.

ನಿಮ್ಮ ಪತ್ರ ಬಂದ ದಿನ ಅಮೂಲ್ಯಾ ಅದನ್ನು ಗಟ್ಟಿಯಾಗಿ ಓದಿ ಹೇಳಿದಳು. ಅವಳು ಕಾಲೇಜಿಗೆ ಹೋಗುತ್ತಾಳೆ. ನಿಮ್ಮ ಅಕ್ಷರ ಮುತ್ತಿನ ಹಾಗಿದೆ ಎಂದಳು. ಫ್ರಾನ್ಸಿನವರ ವಿಷಯ ಎರಡು ಸಲ ಓದಿಸಿದೆ.

ಒಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ನಮ್ಮ ಕೇರಿಯಲ್ಲಿ ಹಾಡು ಬಾರದವರು ಯಾರೂ ಇಲ್ಲ. ನೆಟ್ಟಿಗೆ ಗದ್ದೆಗಿಳಿದರೂ ಹಾಡು, ಮದುವೆ ಚಪ್ಪರಕ್ಕೂ ಹಾಡು. ಅವ್ವಿ ಒಬ್ಬಳನ್ನು ಬಿಟ್ಟು. ಅವಳಿಗೆ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ, ಮಾತು ಬರುತ್ತಿರಲಿಲ್ಲ. ಊರಲ್ಲಿ ಅವಳನ್ನು ಮೂಗಿ ಬಂಗಾರಿ ಎಂದೇ ಕರೆಯುತ್ತಿದ್ದರು.

ಹಾಡುತ್ತಿದ್ದವಳು ಬೇರೆ ಯಾರೋ ಇದ್ದಿರಬೇಕು. ಇಪ್ಪತ್ತೆಂಟು ವರ್ಷದ ಹಿಂದಿನ ಮಾತು, ಒಬ್ಬರ ನೆನಪು ಇನ್ನೊಬ್ಬರ ಮೇಲೆ ಕೂತಿರಬಹುದು. ಸ್ವಲ್ಪ ಯೋಚಿಸಿ ನೋಡಿ. ಅಲ್ಲಿಯವರೆಗೆ ಆ ಹಾಳೆಯನ್ನು ಅಮ್ಮನವರಿಗೆ ಕೊಡುವುದಿಲ್ಲ, ಪೆಟ್ಟಿಗೆಯಲ್ಲಿಟ್ಟಿದ್ದೇನೆ. ನಿಮ್ಮ ಫೋನ್ ನಂಬರು ಕೊಟ್ಟರೆ ನಾನೇ ಮಾತಾಡುತ್ತೇನೆ, ನಿಮಗೆ ಬರೆಯುವ ತೊಂದರೆ ತಪ್ಪುತ್ತದೆ.

ಮಂಗಲಾ


ಧಾರವಾಡ
2 ಆಗಸ್ಟ್ 2024

ಮಂಗಲಾ ಅವರಿಗೆ,

ಉತ್ತರ ತಡವಾಯಿತು. ಇಲ್ಲಿ ಮಳೆ ಬಿಟ್ಟುಬಿಟ್ಟು ಬರುತ್ತಿದೆ. ಮೊಣಕಾಲು ನೋವು, ಹೊರಗೆ ಹೋಗುವುದು ಕಡಿಮೆ. ವಯಸ್ಸಾದ ಮೇಲೆ ನೆನಪು ಕಲಸಿಹೋಗುತ್ತದೆ. ನೀವು ಹೇಳಿದ ಹಾಗೆಯೇ ಇರಬಹುದು. ಅಮೂಲ್ಯಾ ಚೆನ್ನಾಗಿ ಓದಲಿ.

ದಿನಕರ ರಾಯ್ಕರ


ಮುರ್ಡೇಶ್ವರ
20 ಆಗಸ್ಟ್ 2024

ಮಾಸ್ತರರಿಗೆ ನಮಸ್ಕಾರಗಳು.

ನಿಮ್ಮ ಮೊದಲ ಪತ್ರ ಮೂರು ಪುಟ ಇತ್ತು, ಎರಡನೆಯದು ಆರು ಸಾಲು. ನಾನು ಪ್ರಶ್ನೆ ಕೇಳಿ ನಿಮ್ಮ ಮನಸ್ಸಿಗೆ ಬೇಜಾರು ಮಾಡಿದೆ ಎಂದು ಕಾಣುತ್ತದೆ. ದೊಡ್ಡವರ ಮಾತನ್ನು ಹಾಗೆ ಹಿಡಿದು ಕೇಳಬಾರದಿತ್ತು.

ಇದರ ಜೊತೆ ಒಣ ಮುರುಗಲ ಹಣ್ಣಿನ ಸಿಪ್ಪೆ ಕಳಿಸಿದ್ದೇನೆ. ಧಾರವಾಡದಲ್ಲಿ ಒಳ್ಳೆಯದು ಸಿಗಲಿಕ್ಕಿಲ್ಲ. ಸಾರು ಮಾಡಿಸಿಕೊಂಡು ಕುಡಿಯಿರಿ, ಪಿತ್ತಕ್ಕೆ ಒಳ್ಳೆಯದು. ಮೊಣಕಾಲಿಗೆ ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಿಸಿಕೊಳ್ಳಿ.

ಹಾಲ್‌ನ ಗೋಡೆ ಒಡೆದಾಯಿತು. ಚಿತ್ರಗಳೆಲ್ಲ ಮೆಟ್ಟಿಲ ಕೆಳಗಿನ ಸಾಮಾನಿನ ಕೋಣೆಯಲ್ಲಿವೆ. ನಿಮ್ಮದನ್ನು ಹಳೆಯ ಬೆಡ್‌ಶೀಟ್‌ನಲ್ಲಿ ಸುತ್ತಿ, ಥಂಡಿ ತಾಗದ ಹಾಗೆ ಹಲಗೆಯ ಮೇಲೆ ಇಟ್ಟಿದ್ದೇನೆ. ಅಕ್ಷಯ ಚೌತಿಗೆ ಬರುತ್ತಾರಂತೆ. “ಮಾಸ್ತರು ಬರೆದು ಕೊಟ್ರಾ?” ಎಂದು ಅಮ್ಮನವರು ಕೇಳಿದರು. ಇನ್ನೂ ಇಲ್ಲ ಎಂದು ಹೇಳಿದೆ. ಅದು ಸುಳ್ಳು. ಹೇಳಿಬಿಟ್ಟು ದಿನವೆಲ್ಲ ಒಂಥರಾ ಆಯಿತು.

ಉತ್ತರ ಬರೆಯಲೇಬೇಕೆಂದಿಲ್ಲ. ಆರೋಗ್ಯ ನೋಡಿಕೊಳ್ಳಿ.

ಮಂಗಲಾ


ಧಾರವಾಡ
28 ಆಗಸ್ಟ್ 2024

ತಂಗಿ ಮಂಗಲಾ,

ಮುರುಗಲು ಮುಟ್ಟಿತು. ಕವಿತಾ ಸಾರು ಮಾಡಿದಳು. ಲೋಟ ಮೂಗಿನ ಹತ್ತಿರ ತಂದ ಕೂಡಲೇ ಹೊನ್ನಾವರದ ಮನೆಯ ಅಡುಗೆಕೋಣೆ ಕಣ್ಣೆದುರು ಬಂತು. ಆದರೆ ಕುಡಿಯಲು ಕಷ್ಟವಾಯಿತು. ಸುಳ್ಳು ಹೇಳಿದವನು ನಾನು, ದಿನವೆಲ್ಲ ಒದ್ದಾಡಿದವಳು ನೀನು.

ನೇರವಾಗಿ ಹೇಳುತ್ತೇನೆ. ಆ ಮೆಟ್ಟಿಲ ಮೇಲೆ ಅಂದು ಯಾರೂ ಇರಲಿಲ್ಲ.

ಅಂದು ಬೆಳಕು ಮಂಕಾಗಿತ್ತು. ಗೋಡೆ ಬೂದು, ಕಲ್ಲು ಬೂದು, ಆಕಾಶವೂ ಬೂದು. ನೀಲಿ ಬಾಗಿಲು ಎಡಕ್ಕಿತ್ತು, ಬಲಗಡೆ ಚಿತ್ರ ಸತ್ತ ಹಾಗೆ ಕಾಣುತ್ತಿತ್ತು. ಹೊನ್ನಾವರಕ್ಕೆ ವಾಪಸಾದ ಮೇಲೆ, ಎರಡು ದಿನ ಬಿಟ್ಟು, ಮನೆಯಲ್ಲಿ ಕೂತು ಅಲ್ಲೊಂದು ಹಳದಿ ಹಚ್ಚಿದೆ. ಹಳದಿ ಕೂತ ಮೇಲೆ ಅದು ಹೆಂಗಸಿನ ಹಾಗೆ ಕಂಡಿತು, ಮಡಿಲಲ್ಲಿ ಬಿಳಿ ಇಟ್ಟೆ. ಬೀದಿಯಲ್ಲಿ ಕಂಡದ್ದನ್ನೇ ಬರೆಯಬೇಕೆಂದು ಮಕ್ಕಳಿಗೆ ಪಾಠ ಹೇಳುತ್ತಿದ್ದ ನಾನು ಕಾಣದ್ದನ್ನು ಬರೆದಿದ್ದೆ. ಅದನ್ನು ಯಾರಿಗೂ ಹೇಳಿರಲಿಲ್ಲ.

ನಿನ್ನ ಮೊದಲ ಪತ್ರ ಓದಿದಾಗ ನಿಜ ಬರೆಯಲು ಪೆನ್ನು ತೆಗೆದಿದ್ದೆ. ಚಿತ್ರ ನಿನಗೆ ತಪ್ಪಿಹೋಗುತ್ತದಲ್ಲ ಎನಿಸಿತು. ಅದು ಅರ್ಧ ಕಾರಣ. ಉಳಿದರ್ಧ, ನನ್ನ ಚಿತ್ರವನ್ನು ಇಷ್ಟು ಪ್ರೀತಿಯಿಂದ ಯಾರೂ ನೋಡಿರಲಿಲ್ಲ. ಆ ಪ್ರೀತಿ ಕೈಬಿಟ್ಟು ಹೋಗಬಾರದೆಂಬ ಆಸೆ. ಹಾಡನ್ನು ಸೇರಿಸಿದ್ದು ಬರೆಯುವ ಅಮಲಿನಲ್ಲಿ. ನಿಮ್ಮ ಕಡೆಯ ಹೆಂಗಸೆಂದರೆ ಹಾಡಿರಬೇಕು ಎಂದುಕೊಂಡೆ. ಒಬ್ಬ ಹೆಂಗಸನ್ನು ನೋಡದೆಯೇ ಅವಳ ಬಾಯಿಗೆ ಹಾಡಿಟ್ಟೆ.

ಆ ಹಾಳೆಯನ್ನು ಹರಿದುಬಿಡು. ಅಥವಾ ಬೇಕಿದ್ದರೆ ಯಜಮಾನತಿಗೆ ಕೊಡು, ನಾನು ಎಂದೂ ಬಾಯಿ ಬಿಡುವುದಿಲ್ಲ. ನಿರ್ಧಾರ ನಿನ್ನದು. ಕ್ಷಮಿಸು ಎಂದು ಕೇಳಲು ಮುಖವಿಲ್ಲ, ಆದರೂ ಕೇಳುತ್ತೇನೆ.

ದಿನಕರ


ಮುರ್ಡೇಶ್ವರ
3 ಅಕ್ಟೋಬರ್ 2024

ಮಾಸ್ತರರಿಗೆ,

ಒಂದು ತಿಂಗಳು ನಿಮಗೆ ಬರೆಯಲಿಲ್ಲ. ಸಿಟ್ಟಿತ್ತು. ನಿಮ್ಮ ಮೇಲೆ ಎಂದುಕೊಂಡಿದ್ದೆ. ಈಗ ಅನಿಸುತ್ತದೆ, ಎಲ್ಲ ಸಿಟ್ಟೂ ನಿಮ್ಮ ಮೇಲಿನದಲ್ಲ.

ನಿಮ್ಮ ಪತ್ರ ಬಂದ ಮರುದಿನವೇ ಅಮ್ಮನವರ ಹತ್ತಿರ ಹೋಗಿ, “ಅಮ್ಮ, ಅದು ನನ್ನ ತಾಯಿ ಅಲ್ಲ. ಮಾಸ್ತರು ಬರೆದು ಹೇಳಿದಾರೆ” ಎಂದೆ. ಅವರು ನನ್ನ ಮುಖ ನೋಡಿ, “ಆತು ಬಿಡು. ಅಕ್ಷಯ ಬರ್ಲಿ” ಎಂದರು. ಹಾಳೆಯನ್ನು ಒಲೆಗೆ ಹಾಕಿದೆ. ಅಮೂಲ್ಯಾ ಎರಡು ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. “ಸುಮ್ನೆ ಇದ್ದಿದ್ರೆ ಆಗ್ತಿತ್ತಲಾ ಅಮ್ಮ, ಎಂತಕ್ಕೆ ಹೇಳ್ದೆ?” ಎಂದಳು.

ಚೌತಿಗೆ ಅಕ್ಷಯ ಬಂದರು. ಸಾಮಾನಿನ ಕೋಣೆಗೆ ನಾನೇ ಕರೆದುಕೊಂಡು ಹೋದೆ. ಮೆಟ್ಟಿಲ ಕೆಳಗೆ ನಿಲ್ಲಲೂ ಜಾಗವಿಲ್ಲ. ಫೋನಿನ ಬೆಳಕು ಹಚ್ಚಿ ಚಿತ್ರವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರು. “ಇದ್ರಲ್ಲಿ ಎಂತ ಉಂಟು? ಎಂತದೂ ಕಾಣೂದಿಲ್ಲ” ಎಂದು, ಪಕ್ಕದಲ್ಲಿದ್ದ ಜಿಂಕೆಗಳ ಚಿತ್ರ ತೆಗೆದುಕೊಂಡು ಹೋದರು. ಸ್ವಲ್ಪ ಹಿಂದೆ ಸರಿದು ನೋಡಿ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಸಂಜೆ ಅಮ್ಮನವರು ನನ್ನನ್ನು ಕರೆದು, “ಯಾರಿಗೂ ಬೇಡ ಅಂದ್ರೆ ಒರೆಸಿದವಳಿಗೇ ಇರ್ಲಿ” ಎಂದರು. ಹಾಗಾಗಿ ಚಿತ್ರ ಈಗ ನಮ್ಮ ಮನೆಯಲ್ಲಿದೆ. ಆದರೆ ಆಗ ನನಗೆ ಅದರಿಂದ ಖುಷಿಯಾಗಲಿಲ್ಲ. ಗೋಡೆಗೆ ಮುಖ ಮಾಡಿ ಒರಗಿಸಿಟ್ಟೆ.

ಕಳೆದ ಭಾನುವಾರ ಭಟ್ಕಳಕ್ಕೆ ಹೋದೆ. ಆ ಓಣಿಗೆ. ಮಾಸ್ತರರೇ, ನಾನು ನಿಮಗೆ ಒಂದು ಮಾತು ಹೇಳಿರಲಿಲ್ಲ. ಅವ್ವಿ ಹೂ ಮಾರುವ ಜಾಗಕ್ಕೆ ನಾನು ಒಂದೇ ಒಂದು ದಿನ ಹೋದವಳಲ್ಲ. ಅವಳು ಕೈಸನ್ನೆ ಮಾಡುತ್ತ, ಗಂಟಲಿನಿಂದ ಒಂಥರಾ ಸದ್ದು ಹೊರಡಿಸುತ್ತ ಮಾತಾಡಿದರೆ ಜನ ತಿರುಗಿ ನೋಡುತ್ತಿದ್ದರು. ನನಗೆ ನಾಚಿಕೆ. ಬಸ್ಸಿನಲ್ಲಿ ಅವಳು ಮುಂದೆ ಕೂತರೆ ನಾನು ಹಿಂದೆ ಹೋಗಿ ಕೂರುತ್ತಿದ್ದೆ. ಚಿತ್ರದಲ್ಲಿ ಅವಳು ಬಾಯಿ ಮುಚ್ಚಿಕೊಂಡು ಚೆಂದಾಗಿ ಕೂತಿದ್ದಳು, ಅದಕ್ಕೇ ಇಷ್ಟವಾಗಿತ್ತೋ ಏನೋ.

ಚಿತ್ರದ ಫೋಟೋವನ್ನು ಫೋನಿನಲ್ಲಿ ಹಿಡಿದು ಬಾಗಿಲು ಬಾಗಿಲು ನೋಡುತ್ತ ಹೋದೆ. ಅರ್ಧ ಮನೆಗಳು ಈಗ ತಾರಸಿಯಾಗಿವೆ. ಒಂದು ಹಳೆಯ ಮನೆಯ ಮುಂದೆ ವಯಸ್ಸಾದ ಬೀಬಿಯೊಬ್ಬರು ಕೂತಿದ್ದರು. ಮೈಮೂನಾ ಬೀಬಿ ಎಂದು ಅವರ ಹೆಸರು. ನವಾಯತಿ ಭಾಷೆಯಲ್ಲಿ ಒಳಗೆ ಯಾರಿಗೋ ಏನೋ ಹೇಳಿ, ನನ್ನ ಕಡೆ ತಿರುಗಿ ಕನ್ನಡದಲ್ಲಿ, “ಯಾರ ಮನೆ ಹುಡುಕ್ತೀ?” ಎಂದರು. ಮಲ್ಲಿಗೆ ಮಾರುತ್ತಿದ್ದ ಬಂಗಾರಿಯ ಮಗಳು ನಾನು ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಬಂಗಾರಿ ಮಗಳಾ? ಇಪ್ಪತ್ತು ವರ್ಷ ಅವಳು ಬಂದ್ಲು. ನೀ ಒಂದ್ ದಿನ ಬರ್ಲಿಲ್ಲ ಅಲಾ.”

ನನ್ನ ಉತ್ತರಕ್ಕೆ ಅವರು ಕಾಯಲಿಲ್ಲ. ಚಾ ತರಿಸಿದರು. ನಾನು ಫೋಟೋ ತೋರಿಸಿ, ಹಳದಿ ಸೀರೆ ತೋರಿಸಿದೆ. ತಲೆಯಾಡಿಸಿದರು. “ಅಲ್ಲಿ ಅವಳು ಎಲ್ಲಿ ಕೂರ್ತಿದ್ಲು? ಅವಳ ಜಾಗ ಇದು” ಎಂದು ತಮ್ಮ ಮೆಟ್ಟಿಲನ್ನೇ ಕೈಯಿಂದ ತಟ್ಟಿದರು. ಫೋಟೋವನ್ನು ಇನ್ನೊಮ್ಮೆ ನೋಡಿ ನಗಲು ಶುರುಮಾಡಿದರು. “ಓ, ಆ ಮಾಸ್ತರ್! ಕೇಳೂದಿಲ್ಲ, ಮಾಡೂದಿಲ್ಲ, ಬಂದವನೇ ಅವಳ ಜಾಗದಲ್ಲಿ ಪೆಟ್ಟಿಗೆ ಬಿಚ್ಕಂಡ್ ಕೂತ. ನಾ ಎಬ್ಬಿಸ್ತೆ ಅಂದೆ. ಅವಳೇ ಬೇಡ ಅಂತ ಕೈ ಮಾಡಿದ್ಲು. ಮಧ್ಯಾಹ್ನದವರೆಗೂ ಅವನ ಬೆನ್ನ ಹಿಂದೆ ನಿಂತೇ ಹೂ ಮಾರಿದ್ಲು. ಗಿರಾಕಿ ಬಂದ್ರೆ ಬಾಯಿ ಮೇಲೆ ಬೆರಳಿಟ್ಟು, ಸದ್ದು ಮಾಡ್ಬೇಡಿ ಅಂತಿದ್ಲು. ಅವನು ಬ್ರಶ್ ಹಚ್ಚಿದ್ದು ಒಂದೂ ಬಿಡ್ದೆ ನೋಡಿದ್ಲು.”

ಬೀಬಿ ನನ್ನನ್ನು ಆ ಮೆಟ್ಟಿಲ ಮೇಲೆ ಕೂರಿಸಿದರು. ಫೋಟೋ ಎದುರಿಗೆ ಹಿಡಿದೆ. ಸರಿಯಾಗಿ ಹೊಂದಿತು. ನೀಲಿ ಬಾಗಿಲಿಗೆ ಈಗ ಕಬ್ಬಿಣದ ಗ್ರಿಲ್ ಬಂದಿದೆ, ಆದರೆ ದಾರಿ ತಿರುಗುವ ಜಾಗ ಅದೇ, ಆಕಾಶದ ತುಂಡು ಅಷ್ಟೇ.

ಅವ್ವಿ ಸಂಜೆ ಮನೆಗೆ ಬಂದರೆ ಅಂದು ಎಲ್ಲಿದ್ದೆ, ಏನು ಕಂಡೆ ಎಂದು ಹೇಳಲು ಅವಳಿಗೆ ಬಾಯಿ ಇರಲಿಲ್ಲ. ಕೇಳುವ ಮನಸ್ಸು ನನಗಿರಲಿಲ್ಲ. ನೀವು ಅವಳ ಜಾಗದಲ್ಲಿ ಕೂತು ಅವಳು ದಿನಾ ನೋಡುತ್ತಿದ್ದದ್ದನ್ನು ಬರೆದಿದ್ದೀರಿ. ನನ್ನ ಹತ್ತಿರ ಇರುವುದು ಅವಳ ಚಿತ್ರವಲ್ಲ. ಅವಳ ಕಣ್ಣಿಗೆ ಕಂಡದ್ದು.

ಮನೆಗೆ ಬಂದು ಚಿತ್ರವನ್ನು ಈಚೆ ತಿರುಗಿಸಿದೆ. ನಮ್ಮ ಮನೆಯೊಳಗೆ ಹಿಂದೆ ಸರಿಯಲು ಜಾಗವಿಲ್ಲ. ಅಮೂಲ್ಯಾ ಅದನ್ನು ಜಗಲಿಯ ಗೋಡೆಗೆ ತೂಗುಹಾಕಿದಳು. ಅಂಗಳದಲ್ಲಿ ನಿಂತು ನೋಡುತ್ತೇವೆ.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ.

ಮಂಗಲಾ


ಧಾರವಾಡ
14 ಅಕ್ಟೋಬರ್ 2024

ತಂಗಿ ಮಂಗಲಾ,

ನಿನ್ನ ಪತ್ರವನ್ನು ಕವಿತಾಳಿಗೂ ಓದಲು ಕೊಟ್ಟೆ. ಅವಳು ಓದಿ ಮುಗಿಸಿ, ಕ್ಯಾಲೆಂಡರ್ ತೆಗೆದು ತನ್ನ ರಜೆ ಎಣಿಸಿದಳು.

ಈ ಸಲ ಸುಳ್ಳು ಹೇಳುವುದಿಲ್ಲ. ನಿಮ್ಮ ತಾಯಿಯ ನೆನಪು ನನಗೆ ಸ್ವಲ್ಪವೂ ಇಲ್ಲ. ಅರ್ಧ ದಿನ ನನ್ನ ಹಿಂದೆ ಒಬ್ಬರು ನಿಂತಿದ್ದರು, ಒಮ್ಮೆಯೂ ತಿರುಗಿ ನೋಡಲಿಲ್ಲ. ಅವರ ಜಾಗದಲ್ಲಿ ಕೂತಿದ್ದೇನೆಂಬುದೂ ಗೊತ್ತಿರಲಿಲ್ಲ. ಮಲ್ಲಿಗೆಯ ವಾಸನೆಯಾದರೂ ಬಂದಿರಬೇಕಲ್ಲ? ಎಷ್ಟು ಯೋಚಿಸಿದರೂ ಬಣ್ಣದೆಣ್ಣೆಯ ವಾಸನೆಯೇ ನೆನಪಾಗುತ್ತದೆ. ಕಣ್ಣು ತೆರೆದುಕೊಂಡು ನೋಡಬೇಕೆಂದು ಜೀವಮಾನವಿಡೀ ಪಾಠ ಮಾಡಿದವನು ನಾನು.

ನಿನ್ನ ನಾಚಿಕೆಯ ಮಾತಿಗೆ ನಾನು ತೀರ್ಪು ಹೇಳುವವನಲ್ಲ. ನೀನು ಈಗಲಾದರೂ ಆ ಓಣಿಗೆ ಹೋದೆ.

ನಾನು ಬರಬೇಕೆಂದಿದ್ದೇನೆ. ನವೆಂಬರ್‌ನಲ್ಲಿ ಕವಿತಾಳಿಗೆ ರಜೆ ಸಿಗುತ್ತದೆ, ಕರೆತರುತ್ತಾಳೆ. ಬಣ್ಣದ ಪೆಟ್ಟಿಗೆ ತರುತ್ತೇನೆ. ಮೈಮೂನಾ ಬೀಬಿಯವರ ಅಪ್ಪಣೆಯಾದರೆ ನೀನು ಆ ಮೆಟ್ಟಿಲ ಮೇಲೆ ಕೂರು. ನಾನು ಎದುರುಗಡೆ ಎಲ್ಲಾದರೂ ನಿಲ್ಲುತ್ತೇನೆ. ಈ ಸಲ ಕೇಳಿಯೇ ನಿಲ್ಲುತ್ತೇನೆ.

ಇನ್ನೊಂದು. ನೀನು ಫೋನ್ ನಂಬರು ಕೇಳಿದ್ದೆ, ನಾನು ಕೊಡಲಿಲ್ಲ. ನನಗೆ ಎಂಟು ವರ್ಷಗಳಿಂದ ಕಿವಿ ಪೂರ್ತಿ ಹೋಗಿದೆ. ಮಿಷನ್ ಹಾಕಿದರೂ ಉಪಯೋಗವಿಲ್ಲ. ನಿಮ್ಮ ತಾಯಿಯ ವಿಷಯ ತಿಳಿದ ಮೇಲೆ ಹೇಳಲು ಇನ್ನೂ ಸಂಕೋಚವಾಯಿತು, ಅನುಕಂಪ ಗಿಟ್ಟಿಸಲು ಹೇಳಿದ ಹಾಗಾಗಬಾರದಲ್ಲ. ಎದುರಿಗೆ ಬಂದಾಗ ಏನಾದರೂ ಹೇಳುವುದಿದ್ದರೆ ಚೀಟಿಯಲ್ಲಿ ಬರೆದು ತೋರಿಸು.

ನಿನ್ನ ಅಣ್ಣನೆಂದು ತಿಳಿ,
ದಿನಕರ


ಮುರ್ಡೇಶ್ವರ
26 ನವೆಂಬರ್ 2024

ಮಾಸ್ತರಣ್ಣನಿಗೆ ಮಂಗಲಾಳ ನಮಸ್ಕಾರಗಳು.

ನೀವು ಸುಖವಾಗಿ ಮುಟ್ಟಿದ ಸುದ್ದಿಯನ್ನು ಕವಿತಕ್ಕ ಅಮೂಲ್ಯಾಳ ಫೋನಿಗೆ ಹಾಕಿದ್ದರು. ಹೊಸ ಚಿತ್ರ ಇನ್ನೂ ಒಣಗುತ್ತಿದೆ. ಮೈಮೂನಾ ಬೀಬಿ ಅದನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡಿದ್ದಾರೆ, ಕೊಡುವ ಲಕ್ಷಣ ಕಾಣುವುದಿಲ್ಲ. “ಮೆಟ್ಟಿಲು ನನ್ನದು, ಚಿತ್ರವೂ ನನ್ನದೇ” ಎನ್ನುತ್ತಾರೆ. ಇರಲಿ ಬಿಡಿ.

ಆ ದಿನ ನಾನು ಚೀಟಿ, ಪೆನ್ನು ತಂದಿದ್ದೆ. ನೀವು ನೋಡಿದ್ದೀರಿ, ಕೈಚೀಲದಿಂದ ಹೊರಗೆ ತೆಗೆಯಲೇ ಇಲ್ಲ. ನೀವು ಓಣಿಯ ಆ ಬದಿ, ನಾನು ಈ ಬದಿ. ಬಿಸಿಲು ನಿಮ್ಮ ಕಣ್ಣಿಗೆ ಬೀಳುತ್ತಿತ್ತು, ಸ್ವಲ್ಪ ಈಚೆ ಬನ್ನಿ ಎಂದು ಹೇಳಬೇಕಿತ್ತು. ಕೈ ತಾನಾಗಿ ಎದ್ದಿತು. ನೀವು ಸರಿದಿರಿ. ಚಾ ಬೇಕಾ ಎಂದು ಕೇಳಿದೆ, ಕಾಲು ನೋಯುತ್ತದಾ ಎಂದು ಕೇಳಿದೆ, ಮುದುಕಿ ನಿಮ್ಮನ್ನು ನೋಡಿ ನಗುತ್ತಿದ್ದಾಳೆ ಎಂದು ಹೇಳಿದೆ. ಎಲ್ಲವೂ ನಿಮಗೆ ತಿಳಿಯಿತು. ಅವು ಅವ್ವಿಯ ಸನ್ನೆಗಳು, ಮಾಸ್ತರಣ್ಣ. ಇಪ್ಪತ್ತೊಂದು ವರ್ಷ ಆಡದ ಮಾತು. ನಾನು ಮರೆತಿದ್ದೇನೆ ಎಂದುಕೊಂಡಿದ್ದೆ. ದಾರಿಹೋಕರು ನಿಂತು ನೋಡಿದರು. ನೋಡಲಿ ಎಂದು ಬಿಟ್ಟೆ.

ಬಸ್ಸಿನಲ್ಲಿ ವಾಪಸು ಬರುವಾಗ ಅಮೂಲ್ಯಾ ಕೇಳಿದಳು, “ಅಮ್ಮ, ಅಜ್ಜಿಗೆ ಹೆಸರು ಹೇಳೂಕೆ ಬರ್ತಿರ್ಲಿಲ್ಲ ಅಲಾ, ನಿನ್ನ ಎಂತ ಹೇಳಿ ಕರೀತಿದ್ಲು?”

ನನಗೆ ಚಿಕ್ಕಂದಿನಲ್ಲಿ ಎಡಗೆನ್ನೆಗೆ ಗುಳಿ ಬೀಳುತ್ತಿತ್ತು. ಅವ್ವಿ ತನ್ನ ಎಡಗೆನ್ನೆಗೆ ತೋರುಬೆರಳು ಒತ್ತಿ, ಬೆರಳನ್ನು ನನ್ನ ಕಡೆ ಚಾಚುತ್ತಿದ್ದಳು. ಅದೇ ನನ್ನ ಹೆಸರು. ಅಮೂಲ್ಯಾಳಿಗೆ ಮಾಡಿ ತೋರಿಸಿದೆ.

ನಿನ್ನೆ ನಾನು ಹೋಟೆಲಿನ ಎರಡನೇ ಮಹಡಿಯಲ್ಲಿ ಚಾದರ ಎಣಿಸುತ್ತಿದ್ದೆ. ಕೆಳಗೆ ಗೇಟಿನ ಹತ್ತಿರ, ಕಾಲೇಜಿನಿಂದ ಬಂದ ಅಮೂಲ್ಯಾ ತಲೆಯೆತ್ತಿ ನಿಂತಿದ್ದಳು. ಕೂಗಲಿಲ್ಲ. ಎಡಗೆನ್ನೆಗೆ ಬೆರಳು ಒತ್ತಿ, ಮೇಲಕ್ಕೆ ನನ್ನ ಕಡೆ ಚಾಚಿದಳು.

ನಿಮ್ಮ ತಂಗಿ
ಮಂಗಲಾ